‘ಹಳೇದು’ ಎಂಬ ಹಸಿರು ಚೌಕ

೧೧, ಮಂಗಳವಾರ. ಬೆಳಿಗ್ಗೆ

ಈ ಉಸಾಬರಿಗೆ ಇಲ್ಲಿಯವರೆಗೆ ಹೋದದ್ದು: ಸ್ಟುಡಿಯೋದ ಎರಡು ದಿನ, ಒಂದು ಫೋಟೋ ಆರ್ಡರ್, ಮನೆಯ ನೆಮ್ಮದಿ. ಬಂದದ್ದು: ಸೊನ್ನೆ. ಕಂಪ್ಯೂಟರ್ ಡಿಸ್ಕ್ ತುಂಬಿದೆ. ಹೆಂಡತಿ ಎರಡು ತಿಂಗಳು ಕೂತು ಎಡಿಟ್ ಮಾಡಿದ ಗಿರಾಕಿಯೊಬ್ಬರ ಮದುವೆ ಸಿನಿಮಾ ರೆಂಡರ್ ಮಾಡಲು, ಅಂದರೆ ಒಂದೇ ವಿಡಿಯೋ ಆಗಿ ಹೊರತೆಗೆಯಲು, ಜಾಗವಿಲ್ಲ. ಶನಿವಾರ ಕೊಡಬೇಕು. ಭಾನುವಾರ ಮದುಮಗಳು ಊರು ಬಿಡುತ್ತಾಳೆ.

“ಭಾವ, ಹೊಸ ಡಿಸ್ಕ್ ತಗೊಂಬಿಡಿ,” ಎಂದ ಬಾಮೈದ.

“ನನ್ನ ಮದುವೇಲಿ ನಿಮ್ಮನೆಯವರು ಇಷ್ಟು ಧಾರಾಳ ಇರ್ಲಿಲ್ವಲ್ಲಪ್ಪಾ!”

ಅದೇ ದಿನ, ಸಂಜೆ

ಜಾಗವನ್ನು ಯಾವುದು ತಿನ್ನುತ್ತಿದೆ ಎಂದು ತೋರಿಸುವ ಮೂರು ಪ್ರೋಗ್ರಾಂ ಹಾಕಿಕೊಟ್ಟು ಹೋದ ಬಾಮೈದ. ಒಂದು ಚಕ್ರ — ಉಂಗುರದ ಸುತ್ತ ಉಂಗುರ. ಚೆಂದ, ತಲೆ ತಿರುಗುತ್ತದೆ. ಇನ್ನೊಂದು ಬರೀ ಪಟ್ಟಿ. ಪ್ರಾಮಾಣಿಕ, ಆದರೆ ಮುಖದಲ್ಲಿ ಕಳೆಯಿಲ್ಲ. ಮೂರನೆಯದು ಬಣ್ಣದ ಚೌಕಗಳು, ಸೈಟು ವಿಂಗಡಿಸಿದ ಹಾಗೆ. ದೊಡ್ಡ ಫೋಲ್ಡರಿಗೆ ದೊಡ್ಡ ಚೌಕ. ಗೆದ್ದದ್ದು ಇದೇ. ನಡುವೆ ಮೈದಾನದಷ್ಟು ಹಸಿರು — ‘ಹಳೇದು’ ಎಂಬ ಫೋಲ್ಡರ್. ಕೊಟ್ಟು ಮುಗಿಸಿದ ಕೆಲಸಗಳು. ಇಣುಕಿ ನೋಡಿದೆ... ನೋಡಿದೆ ಎಂದುಕೊಂಡೆ.

೧೨, ಬುಧವಾರ

‘ಹಳೇದು’ ಫೋಲ್ಡರನ್ನೇ ಅಳಿಸಿಬಿಟ್ಟೆ. ಅಳಿಸಿದ್ದೆಲ್ಲ ಹೋಗಿ ಬೀಳುವ ರೀಸೈಕಲ್ ಬಿನ್ ಕೂಡ ಖಾಲಿ ಮಾಡಿದೆ. ಜಂಬದಿಂದ ಹೆಂಡತಿಯನ್ನು ಕರೆದು ತೋರಿಸಿದೆ.

“ಹಳೇದು ಎಲ್ರೀ?”

“ತೆಗೆದ್ಹಾಕ್ದೆ. ಹೇಗಿದೆ?”

ಕುರ್ಚಿ ಎಳೆದುಕೊಂಡು ಕೂತಳು. “ನನ್ನ ಎಡಿಟಿಂಗ್ ಎಲ್ಲಾ ಅದರಲ್ಲೇ ಇತ್ತು.”

“ಹೊಸ ಕೆಲಸಾನ ಹಳೇದರಲ್ಲಿ ಯಾರಾದ್ರೂ ಇಡ್ತಾರಾ?”

“ಹೊಸದು ಅಂತ ಇಟ್ರೆ ಬಂದ ಗಿರಾಕಿಗೆಲ್ಲಾ ಅರ್ಧಂಬರ್ಧ ತೋರಿಸಿ ಭಾಷಣ ಬಿಗೀತೀರಿ. ನಿಮ್ಮ ಕೈಗೆ ಸಿಗದಿರಲಿ ಅಂತಾನೇ ಅಲ್ಲಿಟ್ಟೆ.”

ಶೂಟ್ ಮಾಡಿದ ವಿಡಿಯೋಗಳೆಲ್ಲ ಬೇರೆ ಕಡೆ ಭದ್ರ. ಎಲ್ಲಿ ಕತ್ತರಿಸಬೇಕು, ಯಾವುದಕ್ಕೆ ಯಾವುದನ್ನು ಜೋಡಿಸಬೇಕು ಎಂಬ ಪುಟ್ಟ ಫೈಲು ಮಾತ್ರ ಹೋಯಿತು. ಚೌಕದ ಚಿತ್ರದಲ್ಲಿ ಅದಕ್ಕೆ ಚುಕ್ಕೆಯಷ್ಟೂ ಜಾಗವಿರಲಿಲ್ಲ. ಬಾಮೈದ ಏನೇನೋ ಮಾಡಿ ನೋಡಿದ. ಸಿಗಲಿಲ್ಲ.

೧೬, ಭಾನುವಾರ

ಸಾಕಾಗಿದೆ. ಹೆಂಡತಿ ಮೊದಲಿನಿಂದ ಎಡಿಟ್ ಮಾಡಲು ಕೂತಳು. ನಾನು ಅನ್ನ ಬೇಯಿಸಿದೆ, ಬಾಗಿಲು ಕಾದೆ, ಗಿರಾಕಿಗಳನ್ನು ಹೊರಗಿಂದಲೇ ಕಳಿಸಿದೆ. ಎರಡು ಗಂಟೆಯ ಸಿನಿಮಾ ನಲವತ್ತು ನಿಮಿಷವಾಯಿತು.

“ಇಷ್ಟೇನಾ?” ಎಂದಳು, ನಿನ್ನೆ ತಗೊಂಡು ಹೋಗಲು ಬಂದ ಮದುಮಗಳು.

“ಇಷ್ಟಾದ್ರೆ ಯಾರಾದ್ರೂ ಪೂರ್ತಿ ನೋಡ್ತಾರೆ, ಬಾರಮ್ಮ,” ಎಂದರು ಅವಳ ಅಪ್ಪ.

ಯಾರಿಗೆ ಏನು ದಕ್ಕಿತು? ಡಿಸ್ಕಿಗೆ ಅರ್ಧದಷ್ಟು ಜಾಗ. ಮದುಮಗಳಿಗೆ ನಲವತ್ತು ನಿಮಿಷ. ಬಾಮೈದನಿಗೆ ಏನಿಲ್ಲ, ಫೋನ್ ಎತ್ತುತ್ತಿಲ್ಲ. ಹೆಂಡತಿಗೆ ಊದಿದ ಮಣಿಕಟ್ಟು, ಕಂಪ್ಯೂಟರಿಗೆ ನನಗೆ ಹೇಳದ ತನ್ನದೇ ಒಂದು ಪಾಸ್‌ವರ್ಡ್. ನನಗೆ ಹೊರಗಿನ ಕೋಣೆ, ಅಲ್ಲೊಂದು ಸ್ಟೂಲು, ಮತ್ತೆ ತೋರಿಸಲು ಏನೂ ಇಲ್ಲದ ಬರೀ ಭಾಷಣ.