ನಾತಾಳ ಸೂಟಿ ಮುಗದ ಮ್ಯಾಲಿನ ಪಾಠ

ಮುಂಡರಗಿ, ೫ ಜಾನೇವಾರಿ ೧೯೪೮, ಸೋಮವಾರ

ನಾತಾಳ ಸೂಟಿ, ಕ್ರಿಸ್‌ಮಸ್ಸಿನ ಸೂಟಿ, ಮುಗೀತು. ಎರಡನೇ ಇಯತ್ತೆ ಮಕ್ಕಳು ಎಲ್ಲಾ ಮರತ ಬಂದಾವು. ಏಳರ ಮಗ್ಗಿ ಕೇಳಿದ್ರ ಅರ್ಧಕ್ಕ ನಿಂತು ಒಬ್ರ ಮಾರಿ ಒಬ್ರು ನೋಡ್ತಾವು. ಇಷ್ಟ ದಿನ ಸೂಟಿ ಕೊಟ್ಟಾಂವ ಯಾವಾಂವೋ, ಅವನ್ನ ತಂದು ಒಂದ ದಿನಾ ಈ ವರ್ಗದಾಗ ನಿಂದ್ರಸಬೇಕು.

ಹೆಡ್ ಮಾಸ್ತರು ಚನ್ನಬಸವಣ್ಣನವ್ರು ಬಾಗಲದಾಗ ನಿಂತು ಹೇಳಿ ಹೋದ್ರು — ತಿಂಗಳ ಕಡೀಕ ದೀಪೋಟಿ ಇನ್ಸಪೆಕ್ಟರ್ ಸಾಹೇಬ್ರು ಸಾಲಿ ತಪಾಸಣಿಗೆ ಬರ್ತಾರ, ಸೂಟಿ ಆದ ಮ್ಯಾಲೆ ಮಕ್ಕಳು ಏನೇನ ಕಲತಾವು ಬರದ ಇಡ್ರಿ ಸುಮಿತ್ರವ್ವ. ಆತ್ರಿ ಅಂದೆ. ಕಲಿಯೂಕಿಂತ ಮೊದಲ ಬರಿಯೂದು. ಕೂಸು ಹುಟ್ಟೂಕಿಂತ ಮೊದಲ ಕುಲಾಯಿ.

ಹೊಸಾ ಹುಡುಗ ಒಬ್ಬ ಬಂದಾನ. ಯಮನೂರಪ್ಪ. ಕೊಪ್ಪಳದ ಕಡಿ ಹಳ್ಳ್ಯಾಂವ, ನಿಜಾಮನ ಸೀಮ್ಯಾಂವ. ರಜಾಕಾರರು ಮನಿ ಸುಟ್ಟ ಮ್ಯಾಲೆ ಅವ್ವನ ಜೋಡಿ ಗಡಿ ದಾಟಿ ಬಂದು ಇಲ್ಲಿ ನಿರಾಶ್ರಿತರ ಕ್ಯಾಂಪಿನ್ಯಾಗ ಅದಾನ. ಪಾಟಿ ಕೊಟ್ಟು ಹೆಸರು ಬರಿಯೋ ಅಂದೆ. ಬಲಗಡಿಂದ ಸುರು ಮಾಡಿದ. ಉರ್ದು. ಅಲ್ಲಿ ಸಾಲ್ಯಾಗ ಅದನ್ನ ಕಲಿಸ್ಯಾರ. ಮಾತು ನಮ್ಮ ಮಾತ, ಖರೆ ಕನ್ನಡ ಅಕ್ಷರ ಒಂದೂ ಬರಂಗಿಲ್ಲ. ಹುಡುಗ್ರು ನಕ್ಕವು. ಅಂವ ಅಂಗೈಲೆ ಒರಸಿಬಿಟ್ಟ.

ಅವನ್ನ ಸಾಬೀರಾನ ಬಾಜೂಕ ಕುಂಡ್ರಿಸೇನಿ. ಪಿಂಜಾರ ಉಸ್ಮಾನಸಾಬನ ಮಗಳು. ಈ ವರ್ಗದಾಗ ತಲಿ ಅಂತ ಇದ್ರ ಆಕೀದ. "ಇವಂಗ ಅಕ್ಷರ ಕಲಸವ್ವಾ" ಅಂದೆ. ಇಷ್ಟುದ್ದ ಗೋಣು ಹಾಕಿದ್ಲು.

೯ ಜಾನೇವಾರಿ, ಶುಕ್ರವಾರ

ಒತ್ತಕ್ಷರ ಸುರು ಮಾಡೇನಿ. ಅಕ್ಕ, ಅಣ್ಣ, ಹಗ್ಗ. ಉಳದವು ತೂಕಡಸ್ತಾವು. ಯಮನೂರಪ್ಪ ಇನ್ನೂ ಅ ಆ ಇ ಈ… ಆದ್ರೂ ಬಿಡವಲ್ಲ. ಊಟದ ಹೊತ್ತಿನ್ಯಾಗೂ ಇಬ್ರೂ ಬೇವಿನ ಗಿಡದ ಬುಡಕ ಕುಂತು ಪಾಟಿ ಮ್ಯಾಲೆ ಗೀಚ್ತಿರ್ತಾವು. ನೋಡಾಕ ಹೋಗಲಿಲ್ಲ. ಕಲಿಯೂ ಮಕ್ಕಳನ್ನ ಮುಟ್ಟಬಾರದು.

ಸಂಜೀಕ ಉಸ್ಮಾನಸಾಬನ ಮನಿಗೆ ಹೋಗಿದ್ದೆ. ಗಾದಿ ಅರಳಿ ಹಿಂಜೂ ಬಿಲ್ಲು ಗೋಡಿಗೆ ತೂಗ ಹಾಕ್ಯಾನ. ಪ್ರತಿ ವರ್ಷ ಇಂಥಾ ಥಂಡ್ಯಾಗ ಆ ಬಿಲ್ಲು ಇಡೀ ದಿನಾ ಟುಂಯ್ ಅಂತಿತ್ತು. ಈ ವರ್ಷ ಸಾಬರ ಮನಿ ಅಂತ ಯಾರೂ ಹಿಂಜಾಕ ಅರಳಿ ಕೊಡವಲ್ರು.

"ಹುಡುಗೀನ್ನ ಸಾಲಿ ಬಿಡಸಬ್ಯಾಡ್ರಿ" ಅಂದೆ. "ಏಳನೇದ್ದು ಮುಗಸಲಿ. ಧಾರವಾಡಕ್ಕ ಟ್ರೇನಿಂಗ್ ಕಾಲೇಜಿಗೆ ನಾನ ಕರಕೊಂಡ ಹೋಗ್ತೇನಿ. ನನ್ನಂಗ ಅಕ್ಕೋರಾಗ್ತಾಳ."

ಒಳಗಿಂದ ರಮಜಾನಬಿ ನಕ್ಕಳು. "ನಮ್ಮ ಮಂದ್ಯಾಗ ಅಕ್ಕೋರ ಏನ್ರಿ?"

ಉಸ್ಮಾನಸಾಬ ನಗಲಿಲ್ಲ. "ನೀವು ಇರೂತನಾ ಬಿಡಸಂಗಿಲ್ರಿ" ಅಂದ. ಮನಿಗೆ ಬರೂ ಮುಂದ ಖುಷಿ ಆಗಿತ್ತು. ಬರದಿಡಬೇಕು, ಇಂಥಾ ದಿನಾ ಕಡಿಮಿ.

೧೪ ಜಾನೇವಾರಿ, ಸಂಕ್ರಮಣ

ಮುಂಜಾನೆ ಮಕ್ಕಳು ಕುಸುರೆಳ್ಳು ತಂದಿದ್ವು. ಎಳ್ಳು ಬೆಲ್ಲ ತಗೊಂಡು ಒಳ್ಳೆ ಮಾತಾಡೂಣು ಅಂತ ಒಬ್ರಿಗೊಬ್ರು ಕೊಟ್ಟವು. ಸಾಬೀರಾನೂ ಪುಡಕ್ಯಾಗ ತಂದಿದ್ಲು. ಪ್ರತಿ ವರ್ಷ ತರ್ತಾಳ. ಹನಮವ್ವನ ಮುಂದ ಕೈ ಚಾಚಿದ್ಲು, ಹನಮವ್ವ ಕೈ ಹಿಂದ ತಗೊಂಡ್ಲು. ತಿಪ್ಪವ್ವನೂ ಹಂಗ. ಮನ್ಯಾಗ ಹೇಳಿ ಕಳಿಸಿರಬೇಕು, ಇಷ್ಟ ಸಣ್ಣವಕ್ಕ ಇದು ತಾನ ತಿಳಿಯೂದಲ್ಲ.

ಯಮನೂರಪ್ಪ ಎದ್ದು ಬಂದು ಬೊಗಸಿ ಒಡ್ಡಿದ. ಎಲ್ಲಾ ಬಾಯಾಗ ಹಾಕ್ಕೊಂಡು ಕೂಡಲೇ ಕೆಮ್ಮಿದ. ನಾನೂ ತಗೊಂಡೆ.

೧೯ ಜಾನೇವಾರಿ, ಸೋಮವಾರ

ಸಾಲಿ ಹಿಂದಿನ ಗೋಡಿ ಮ್ಯಾಲೆ ಇದ್ದಲೀಲೆ ಉರ್ದು ಬರದಾರ. ದೊಡ್ಡ ದೊಡ್ಡ ಅಕ್ಷರ. ಹತ್ತು ಗಂಟೆಕ್ಕ ಊರ ಮಂದಿ ಎಲ್ಲಾ ಅಲ್ಲೇ. ಮುಂದ ಪುಂಡಲೀಕಪ್ಪ, ಕಾಳಿನ ಅಡತಿ ಅಂಗಡಿಯಾಂವ. ಹೋದ ತಿಂಗಳ ನಿಜಾಮನ ಸೀಮ್ಯಾಗ ರಜಾಕಾರರು ಅವನ ತಂಗೀ ಮನಿ ಸುಟ್ರು, ಆಕಿ ಇನ್ನೂ ಸಿಕ್ಕಿಲ್ಲ. ಮೊದಲೆಲ್ಲಾ ಸಿಟ್ಟಿನ ಮನಶ್ಯಾ ಅಲ್ಲ. ಈಗ ಕಣ್ಣು ನೋಡಾಕ ಆಗಂಗಿಲ್ಲ.

"ರಜಾಕಾರರ ಗುರ್ತ ಇದು. ಈ ಸಾಲ್ಯಾಗ ಸಾಬರ ಹುಡುಗಿ ಒಬ್ಬಾಕಿ ಅದಾಳಲ್ಲ?" ಅಂದ.

ನೋಡಿದ ಕೂಡಲೇ ನಂಗ ಗೊತ್ತಾತು. ಮೊದಲ ದಿನಾ ಪಾಟಿ ಮ್ಯಾಲೆ ಇದ್ದ ಸೊಟ್ಟ ಗೆರಿ ಅವ. ಯಮನೂರಪ್ಪನ ಹೆಸರು. ನಮ್ಮ ಹುಡುಗ್ರು ಎಲ್ಲಾ ಆ ಗೋಡಿ ಮ್ಯಾಲೆ ತಮ್ಮ ತಮ್ಮ ಹೆಸರು ಗೀಚ್ಯಾವು, ಅಂವನೂ ಗೀಚ್ಯಾನ. ಹೆಡ್ ಮಾಸ್ತರಿಗೆ ಒಳಗ ಕರದು ಹೇಳಿದೆ. ಅವರು ಬಾಗಲಾ ಹಾಕಿದ್ರು. "ಸುಮ್ಮಿರ್ರಿ. ಹುಡುಗನ ಹೆಸರು ಹೇಳಿದ್ರ ಈ ಸಿಟ್ಟಿನ್ಯಾಗ ಅವನ್ನೂ ಅವರವ್ವನ್ನೂ ಊರಾಗಿಂದ ಹಾಕ್ತಾರ. ಎಲ್ಲಿ ಹೋಗಬೇಕು ಅವು?"

ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ. ಆದ್ರ ನಂಗೊಂದು ಉಪಾಯ ಹೊಳೀತು. ಇಬ್ರೂ ಉಳೀತಾರ. ಪಿಂಜಾರರ ಮನ್ಯಾಗ ಉರ್ದು ಎಲ್ಲೈತಿ? ಜಗಳಾನೂ ಕನ್ನಡದಾಗ ಆಡ್ತಾರ. ಸಾಬೀರಾಗ ಉರ್ದುದ ಒಂದು ಅಕ್ಷರ ಸೈತ ಗೊತ್ತಿಲ್ಲ. ನಾಳೆ ಹಿರ್ಯಾರ ಮುಂದ ಬಳಪ ಕೊಟ್ಟು ಬರಿ ಅಂತೇನಿ. ಆಕಿ ಬಾಯಿ ತಕ್ಕೊಂಡು ನಿಂದ್ರತಾಳ. ಮಂದಿ ಮನಿಗೆ ಹೋಗ್ತಾರ. ಪುಂಡಲೀಕಪ್ಪಗ ಹೇಳಿ ಬಂದೆ, ಒಪ್ಪಿದ.

೨೦ ಜಾನೇವಾರಿ

ಕರೀ ಹಲಗಿ ಮುಂದ ಸಾಬೀರಾನ್ನ ನಿಂದ್ರಿಸಿದೆ. ಹಿರ್ಯಾರು ಜಮಖಾನಿ ಮ್ಯಾಲೆ ಕುಂತಿದ್ರು. ಉಸ್ಮಾನಸಾಬ ಬಾಗಲ ಹೊರಗ, ಚಪ್ಪಲಿ ಬಿಡೂ ಕಡಿ.

"ಉರ್ದುದಾಗ ನಿನ್ನ ಹೆಸರು ಬರೀ ಸಾಬೀರಾ" ಅಂದೆ. ನನ್ನ ದನಿ ಎಷ್ಟ ಗಟ್ಟಿ ಇತ್ತು.

ಬಳಪ ತಗೊಂಡ್ಲು. ಯಮನೂರಪ್ಪನ ಕಡಿ ಒಂದ ಸಲ ನೋಡಿದ್ಲು. ನಾಲಗಿ ತುದಿ ಹೊರಗ ಹಾಕಿ, ಬಲಗಡಿಂದ ಸಾವಕಾಶ ಬರದ್ಲು. ಬರದು ನನ್ನ ಕಡಿ ತಿರುಗಿದ್ಲು. ಯಾವಾಗಲೂ ತಿರುಗ್ತಾಳಲ್ಲ, ಹಂಗ.

"ಬರೋಬ್ಬರಿ ಐತೇನ್ರೀ ಅಕ್ಕೋರ? ನಾ ಒಂದ ಅಕ್ಷರ ಕಲಿಸಿದ್ರ ಅಂವ ಒಂದ ಕಲಸ್ತಾನ್ರಿ."

"ಗೋಡಿ ಮ್ಯಾಲೆ ಬರದಾಕಿ ಇಕೀನ" ಅಂದ ಪುಂಡಲೀಕಪ್ಪ. ಯಮನೂರಪ್ಪ ಎದ್ದು "ಗೋಡಿ ಮ್ಯಾಲೆ ಬರದಾಂವ ನಾನ್ರಿ, ಅದು ನನ್ನ ಹೆಸರ್ರಿ" ಅಂದ. ಪುಂಡಲೀಕಪ್ಪ ಅವನ ತಲಿ ಸವರಿದ. "ಪಾಪ, ನಮ್ಮ ಕೂಸು. ಜೋಡಿ ಕುಂತಾಕೀನ್ನ ಉಳಸಾಕ ಸುಳ್ಳ ಹೇಳ್ತೈತಿ."

ನಾನೂ ಹೇಳಿದೆ. ಎಲ್ಲಾ ಹೇಳಿದೆ, ಒದರಿ ಹೇಳಿದೆ. ಅಕ್ಕೋರ ಕರಳು ಮಿದು ಅಂತ ಒಬ್ಬ ಅಂದ. ಹೆಡ್ ಮಾಸ್ತರು ನೆಲಾ ನೋಡಕೋತ ಕುಂತಿದ್ರು.

ಆ ಕೂಸಿಗೆ ನಾನ ಬಳಪ ಕೊಟ್ಟೆ. ಬರಿ ಅಂದಾಕಿ ನಾನು. ಗೊತ್ತಿಲ್ರಿ ಅಂದಿದ್ರ ಉಳೀತಿದ್ಲು. ನನ್ನ ಮುಂದ ಆಕಿ ಯಾವತ್ತೂ ಗೊತ್ತಿಲ್ಲ ಅಂದಿಲ್ಲ.

೨೪ ಜಾನೇವಾರಿ, ಶನಿವಾರ

ಉಸ್ಮಾನಸಾಬ ಚಕ್ಕಡಿ ಕಟ್ಟಿದ. ಶಿಗ್ಲಿಗೆ, ಹೆಣ್ತಿ ತವರಮನಿಗೆ. ಎರಡ ದಿನಾ ಆತು, ಯಾರೋ ಅವನ ಬಾಗಲಕ್ಕ ಕಲ್ಲು ಒಗ್ಯಾಕ ಸುರು ಮಾಡ್ಯಾರ. ಬಿಲ್ಲು ಎಲ್ಲಾದಕ್ಕೂ ಮ್ಯಾಲೆ ಕಟ್ಟಿದ್ದ. ರಮಜಾನಬಿ ನನ್ನ ಮಾರಿ ನೋಡಲಿಲ್ಲ.

"ಶಿಗ್ಲ್ಯಾಗ ಸಾಲಿ ಐತಿ" ಅಂದೆ.

"ಇನ್ನ ಸಾಲಿ ಸಾಕ್ರಿ ಅಕ್ಕೋರ" ಅಂದ ಉಸ್ಮಾನಸಾಬ. ಬೈದಿದ್ರ ಛಲೋ ಇತ್ತು. ಕೈ ಮುಗದ.

ಸಾಬೀರಾ ಅರಳಿ ಗಂಟಿನ ಮ್ಯಾಲೆ ಕುಂತಿದ್ಲು. "ನಾ ಬರದದ್ದು ತಪ್ಪಿತ್ತೇನ್ರಿ?" ಅಂತ ಕೇಳಿದ್ಲು. ಇಲ್ಲವ್ವಾ, ಬರೋಬ್ಬರಿ ಇತ್ತು ಅಂದೆ. ನಂಗೇನ ಗೊತ್ತು ಉರ್ದು.

೨೮ ಜಾನೇವಾರಿ, ಬುಧವಾರ

ಗೋಡಿಗೆ ಸುಣ್ಣಾ ಬಳದಾರ. ಹನಮವ್ವ ಏಳರ ಮಗ್ಗಿ ಪೂರಾ ಹೇಳಿದ್ಲು. ಶಾಭಾಸ್ ಅನ್ನೂದು ಮರತೆ.

ಯಮನೂರಪ್ಪಗ ಹೆಸರು ಬರಿ ಅಂದೆ. ಅವಂಗ ಈಗ ಕನ್ನಡದಾಗ ಬರತೈತಿ, ಕಡೀ ಪ್ಪದ ಒತ್ತಿನ ಸೈತ. ಸಾಬೀರಾ ಕಲಿಸಿದ್ದು. ಪಾಟಿ ಬೋರಲ ಹಾಕಿ ಅದರ ಮ್ಯಾಲೆ ಎರಡೂ ಕೈ ಇಟ್ಟ.

"ಬರಿಯೋ."

"ಬರಂಗಿಲ್ರಿ."

"ಬರತೈತಿ ನಿಂಗ. ನಾನ ನೋಡೇನಿ."

"ಬರತೈತಿ ಅಂದ್ರ ಊರ ಬಿಡಸ್ತಾರ್ರಿ" ಅಂದ. ಹಿಂದ ಕುಂತವು ಯಾವೂ ನಗಲಿಲ್ಲ. ತಿಪ್ಪವ್ವನೂ ಸಾವಕಾಶ ತನ್ನ ಪಾಟಿ ಬೋರಲ ಹಾಕಿದ್ಲು.

ನಾಳೆ ದೀಪೋಟಿ ಸಾಹೇಬ್ರು ಬರ್ತಾರ. ಹೆಡ್ ಮಾಸ್ತರು ಕಾಗದ ಕೊಟ್ಟು ಕಳಿಸ್ಯಾರ. ಸೂಟಿ ಆದ ಮ್ಯಾಲೆ ಎರಡನೇ ಇಯತ್ತೆ ಕಲತದ್ದು —

ಏಳರ ಮಗ್ಗಿ.

ಒತ್ತಕ್ಷರ.

ಮತ್ತ…