ತೆಗೆಸಿ ಹಾಕಿದ ಹೆಸರು

ನಾಮಶಾಸ್ತ್ರ ವಿಶಾರದ, ಅಕ್ಷರರತ್ನ, ಶ್ರೀ ಶ್ರೀ ಜ್ಞಾನೇಶ್ ಗುರೂಜಿಯವರ ಪಾದಗಳಿಗೆ, ಭದ್ರಾವತಿಯಿಂದ ಅವರ ಒಬ್ಬಳೇ ತಂಗಿ ಮೈತ್ರಿಯ ದೂರದ ನಮಸ್ಕಾರ.

ಕಿವಿಗೆ ಹೇಳಿ ಸಾಕಾಗಿದೆ, ಅದಕ್ಕೇ ಪಾದಕ್ಕೆ ಬರೆಯುತ್ತಿದ್ದೇನೆ. ತಮ್ಮ ಆಫೀಸಿಗೆ ಫೋನ್ ಮಾಡಿದರೆ ಒಬ್ಬ ಹುಡುಗಿ ಎತ್ತಿ, ಗುರೂಜಿ ಬಿಜಿ ಇದ್ದಾರೆ ಅನ್ನುತ್ತಾಳೆ. ನಾನು ಅವರ ತಂಗಿ ಅಂದರೆ, ನಿಮ್ಮ ಹುಟ್ಟಿದ ತಾರೀಖು ಹೇಳಿ ಮೇಡಂ ಅನ್ನುತ್ತಾಳೆ. ಇನ್ನು ಈ ಬಹುವಚನವೂ ಸಾಕು, ಬರೆದು ಬರೆದು ನನ್ನ ಕೈ ನೋಯುತ್ತದೆ. ನೀನು ನನ್ನ ಅಣ್ಣ. ಹಾಗೇ ಬರೆಯುತ್ತೇನೆ.

ಕಳೆದ ವಾರ ಶಾಲೆಯ ಕೆಲಸಕ್ಕೆಂದು ಶಿವಮೊಗ್ಗಕ್ಕೆ ಬಂದಿದ್ದೆ. ಸವಳಂಗ ರಸ್ತೆಯಲ್ಲಿ ನಿನ್ನ ಹೊಸ ಬೋರ್ಡು ನೋಡಿದೆ. ಎರಡು ಅಂಗಡಿಯಷ್ಟು ಅಗಲ, ಅದರಲ್ಲಿ ಅರ್ಧ ನಿನ್ನ ಮುಖ. ಪಕ್ಕದಲ್ಲಿ ‘ಹನ್ನೆರಡು ಭಾಷೆಗಳಲ್ಲಿ ಅರ್ಥವುಳ್ಳ ಶುಭನಾಮಗಳು’ ಎಂದು ಬರೆಸಿದ್ದೀಯ. ಹತ್ತನೇ ಕ್ಲಾಸಿನ ಹಿಂದಿ ಪರೀಕ್ಷೆಯನ್ನು ಎರಡು ಸಲ ಕಟ್ಟಿದವನಿಗೆ ಹನ್ನೆರಡು ಭಾಷೆ ಯಾವಾಗ ಒಲಿದವು ಎಂದು ಹಿಂದಿ ಮೇಡಂ ಆದ ನಾನು ಕೇಳಬಾರದು, ಬಿಡು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ತತ್ವಾರ.

ನಮ್ಮ ಬೀದಿಯಲ್ಲಿ ಝಿಯಾನಾ ಎಂಬ ಹೆಸರಿನ ಮೂರು ಮಕ್ಕಳಿವೆ. ಮೂರೂ ನಿನ್ನ ಅಂಗಡಿಯ ಸರಕು. ಮೊದಲನೆಯವಳ ತಾಯಿಗೆ ಅದು ಗ್ರೀಕ್ ಭಾಷೆಯಲ್ಲಿ ಬೆಳದಿಂಗಳು ಎಂದು ಹೇಳಿದ್ದೀಯ. ಎರಡನೆಯವಳ ಅಪ್ಪನಿಗೆ ಹೀಬ್ರೂವಿನಲ್ಲಿ ದೇವರ ಉಡುಗೊರೆ. ಮೂರನೆಯವರು ಸ್ವಲ್ಪ ಮಡಿವಂತರು ಎಂದು ಗೊತ್ತಾದ ಕೂಡಲೇ ಅದು ಸಂಸ್ಕೃತವಾಗಿ, ಲಕ್ಷ್ಮಿಯ ನೂರೆಂಟು ಹೆಸರುಗಳೊಳಗೆ ಹೋಗಿ ಕೂತುಬಿಟ್ಟಿತು. ಗಿರಾಕಿಯ ಮುಖ ನೋಡಿ ಸೀರೆ ಬಿಚ್ಚುವ ಬಟ್ಟೆ ಅಂಗಡಿಯವನಿಗಾದರೂ ಸೀರೆ ಯಾವ ಊರಿನದು ಎಂದು ಗೊತ್ತಿರುತ್ತದೆ.

ಹೆಸರಿನ ಅರ್ಥ ಅಷ್ಟೊಂದು ಭಾಷೆಯಲ್ಲಿ ಹುಡುಕುವ ನೀನು ನಿನ್ನದೇ ಹೆಸರನ್ನು ಯಾಕೆ ಹುಡುಕಲಿಲ್ಲ? ಜ್ಞಾನೇಶ್ ಅಲ್ಲ, ಅದು ನೀನು ಅಫಿಡವಿಟ್ ಮಾಡಿಸಿ, ಪೇಪರಿನಲ್ಲಿ ಹಾಕಿಸಿ ಕೊಂಡುಕೊಂಡದ್ದು. ಅಮ್ಮ ಕೊಟ್ಟ ಹೆಸರು ಹೇಳುತ್ತಿದ್ದೇನೆ. ತಿಪ್ಪೇಶ. ಮನೆಯಲ್ಲಿ ತಿಪ್ಪ. ಓದಿ ಮೈ ಉರಿಯಿತಾ? ಉರಿಯಲಿ.

ಅದರ ಕತೆ ನಿನಗೆ ಗೊತ್ತು. ಗೊತ್ತಿದ್ದೂ ಮರೆತವನಿಗೆ ಮತ್ತೆ ಹೇಳುವುದು ನನ್ನ ಕರ್ಮ. ನಿನಗಿಂತ ಮುಂಚೆ ಅಮ್ಮನಿಗೆ ಮೂರು ಮಕ್ಕಳಾದವು. ರಾಜಶೇಖರ, ಚಕ್ರಪಾಣಿ, ಭಾಗ್ಯಲಕ್ಷ್ಮಿ. ನಿನ್ನ ಬೋರ್ಡಿಗೆ ಬರೆಸಬಹುದಾದಂಥ ಹೆಸರುಗಳು. ಮೂರರಲ್ಲಿ ಒಂದೂ ತೊಟ್ಟಿಲಿನಿಂದ ಇಳಿದು ನಡೆಯಲಿಲ್ಲ. ನಾಲ್ಕನೆಯದಾಗಿ ನೀನು ಹುಟ್ಟಿದಾಗ ಅಮ್ಮ ಯಾವ ಶಾಸ್ತ್ರಿಯನ್ನೂ ಕೇಳಲಿಲ್ಲ. ಕಾಗದನಗರದ ನಮ್ಮ ಕ್ವಾರ್ಟರ್ಸಿನ ಹಿಂದೆ ಯಾರದೋ ದನದ ಕೊಟ್ಟಿಗೆಯಿತ್ತಲ್ಲ, ಅದರ ತಿಪ್ಪೆಯ ಮೇಲೆ ಮೊರ ಇಟ್ಟು, ಮೊರದಲ್ಲಿ ನಿನ್ನನ್ನು ಮಲಗಿಸಿ, ತಿರುಗಿ ನೋಡದೆ ಮನೆಗೆ ಬಂದಳು. ಪಕ್ಕದ ಮನೆಯ ತೆಲುಗಿನ ಪೆಂಟಮ್ಮ ಮೊದಲೇ ಮಾತಾಡಿಕೊಂಡಿದ್ದಂತೆ ಹೋಗಿ ನಿನ್ನನ್ನು ಎತ್ತಿಕೊಂಡು, ತಿಪ್ಪೆಯಲ್ಲಿ ಒಂದು ಕೂಸು ಸಿಕ್ಕಿದೆ, ಬೇಕಾ ಎಂದು ನಮ್ಮ ಬಾಗಿಲಿಗೆ ಬಂದಳು. ಅಮ್ಮ ಒಂದು ಸೇರು ತೌಡು ಕೊಟ್ಟು ನಿನ್ನನ್ನು ಕೊಂಡಳು. ಹಾಗೆ ಕೊಂಡ ಕೂಸಿಗೆ ತಿಪ್ಪ ಎಂದೇ ಹೆಸರಿಡಬೇಕು. ಜವರಾಯ ಹುಡುಕಿಕೊಂಡು ಬಂದರೆ, ಇದು ತಿಪ್ಪೆಯ ಕಸ, ಇದನ್ನು ಒಯ್ದು ಏನು ಮಾಡಲಿ ಎಂದು ಬಿಟ್ಟು ಹೋಗುತ್ತಾನೆ. ನೀನು ಉಳಿದೆ. ನೀನು ಉಳಿದ ಧೈರ್ಯಕ್ಕೇ ಅವಳು ನನಗೆ ಮೈತ್ರಿ ಎಂದು ಚಂದದ ಹೆಸರಿಟ್ಟಳು.

ಆ ಪೆಂಟಮ್ಮನ ಹೆಸರಿಗೆ ಅರ್ಥವೇನು ಗೊತ್ತೇ ಗುರೂಜಿ? ತೆಲುಗಿನಲ್ಲಿ ಪೆಂಟ ಅಂದರೆ ತಿಪ್ಪೆ. ನಮ್ಮ ಸಾಲಿನ ಕೊನೆಯ ಮನೆಯಲ್ಲಿ ಕುಪ್ಪುಸ್ವಾಮಿ ಇದ್ದರು. ತಮಿಳಿನಲ್ಲಿ ಕುಪ್ಪೆ ಅಂದರೆ ಕಸ. ಹಿಂದಿಯ ಕಡೆ ಘೂರೇಲಾಲ್ ಎಂಬ ಹೆಸರಿದೆ, ಘೂರಾ ಅಂದರೂ ತಿಪ್ಪೆಯೇ. ಮರಾಠಿಯವರಲ್ಲಿ ಕಚರೂ. ಒಬ್ಬರ ಭಾಷೆ ಒಬ್ಬರಿಗೆ ಬಾರದ ತಾಯಂದಿರು ಒಂದೇ ಹೆದರಿಕೆಗೆ ಒಂದೇ ಹೆಸರು ಹುಡುಕಿಕೊಂಡರು. ಇದಪ್ಪಾ ಹಲವು ಭಾಷೆಗಳಲ್ಲಿ ಅರ್ಥವುಳ್ಳ ಹೆಸರು. ನಿನ್ನ ಝಿಯಾನಾ ಅಲ್ಲ.

ಹೋದ ಶ್ರಾವಣದಲ್ಲಿ ಅಮ್ಮ ಹೋಳಿಗೆ ಮಾಡಿದಳು. ಕಣ್ಣು ಮಂಜಾಗಿದ್ದರೂ ಒಲೆಯ ಮುಂದೆ ಕೂತು ಕೈಯಂದಾಜಿನಲ್ಲೇ ಬೇಯಿಸಿ, ಡಬ್ಬಿಗೆ ತುಂಬಿ, ಬಸ್ಸು ಹತ್ತಿಸು ಎಂದು ನನ್ನ ಜೀವ ತಿಂದಳು. ನಿನ್ನ ಆಫೀಸಿನಲ್ಲಿ ಆಗ ಗಂಡ ಹೆಂಡತಿ ಇಬ್ಬರು ಕೂಸಿನ ಸಮೇತ ಕೂತಿದ್ದರು. ಅಮ್ಮ ಬಾಗಿಲಲ್ಲಿ ನಿಂತು, ತಿಪ್ಪಾ ಎಂದು ಕರೆದಳು. ನೀನು ತಲೆ ಎತ್ತಿದೆ. ನೋಡಿದೆ. ನೋಡಿಯೂ ಹೇಳಿದೆ:

“ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಅಜ್ಜಿ. ಪಕ್ಕದ ಅಂಗಡೀಲಿ ಕೇಳಿ.”

ನಾನು ಆವತ್ತು ಹೋಳಿಗೆಯ ಡಬ್ಬಿಯಲ್ಲಿ ನಿನ್ನ ತಲೆಗೆ ಬಡಿಯಲಿಲ್ಲ. ಅಮ್ಮನ ಕೈ ನನ್ನ ಕೈಯಲ್ಲಿತ್ತು, ಬಿಡುವ ಹಾಗಿರಲಿಲ್ಲ. ಗಿರಾಕಿಗಳು ಹೋದ ಮೇಲೆ ನೀನು ಮೆಟ್ಟಿಲ ತನಕ ಬಂದೆ. ಕ್ಷಮೆ ಕೇಳಲು ಅಲ್ಲ, ಬುದ್ಧಿ ಹೇಳಲು. ಅಮ್ಮಾ, ಇಲ್ಲಿ ಬಂದು ಆ ಹೆಸ್ರು ಹೇಳ್ಬೇಡ, ಅದನ್ನ ಕಾನೂನು ಪ್ರಕಾರ ತೆಗ್ಸಿ ಹಾಕಿದೀನಿ ಅಂದೆ. ಅಮ್ಮ ಕೇಳಿದಳು:

“ತೆಗ್ಸಿ ಎಲ್ಲಿಟ್ಟೆ?”

ನೀನು ನಕ್ಕೆ. ನಿನಗೆ ಅದು ಹಳ್ಳಿ ಮುದುಕಿಯ ಮಾತು. ಅವಳು ನಿಜವಾಗಿಯೇ ಕೇಳಿದ್ದಳು.

ಮರುದಿನ ಬೆಳಿಗ್ಗೆ ಕಾಫಿಗೆ ಕರೆದರೆ ಅವಳು ತಿರುಗಲಿಲ್ಲ. ಹತ್ತಿರ ಹೋಗಿ ಮೈ ಮುಟ್ಟಿದೆ. ಇನ್ಮೇಲೆ ನನ್ನ ತಿಪ್ಪಮ್ಮ ಅನ್ನು, ಬೇರೆ ಹೆಸ್ರಿಗೆ ನಾ ಓಗೊಡಲ್ಲ ಅಂದಳು. ಹೆಸರು ತಿಪ್ಪೆಯ ಜೊತೆ ಆದ ಕರಾರು ಅಂತೆ. ಮಗ ಅದನ್ನು ಬೀದಿಗೆ ಎಸೆದಿದ್ದಾನೆ. ನಾಳೆ ಜವರಾಯ ಬಂದು ಎಲ್ಲಿ ಆ ತಿಪ್ಪ ಎಂದು ಕೂಗಿದರೆ, ಓ ಅನ್ನುವುದಕ್ಕೆ ಮನೆಯಲ್ಲಿ ಒಬ್ಬರು ಇರಬೇಕಂತೆ. ಇಲ್ಲದಿದ್ದರೆ ಅವನು ಹುಡುಕಿಕೊಂಡು ಸವಳಂಗ ರಸ್ತೆಗೆ ಹೋಗುತ್ತಾನಂತೆ. ಹಾಗಾದರೆ ಆ ಹೆಸರು ನನಗಿರಲಿ, ನೀನು ನಿನ್ನ ಸ್ವಂತ ಹೆಸರಿನಲ್ಲಿ, ಹಾಲಮ್ಮನಾಗಿಯೇ ಇರು ಅಂದೆ. ಅದಕ್ಕೆ ಅವಳು ಹೇಳಿದ್ದು ಕೇಳು:

“ಒಂದನ್ನ ಉಳ್ಸಕ್ಕೆ ಇನ್ನೊಂದನ್ನ ಕೊಡ್ತಾರೇನೇ ಮಾರಾಯ್ತಿ?”

ನನಗೆ ಜವರಾಯನಲ್ಲಿ ನಂಬಿಕೆಯಿಲ್ಲ. ಆದರೆ ಅಕ್ಷರ ಕೂಡಿಸಿ ಕಳೆದು ಭಾಗ್ಯ ತಿದ್ದುತ್ತೇನೆ ಅನ್ನುವ ನಿನ್ನ ವಿದ್ಯೆಗಿಂತ ಅವಳ ನಂಬಿಕೆ ಹೆಚ್ಚು ಮೂಢವೇನಲ್ಲ. ಅವಳು ಅದನ್ನು ಯಾರಿಗೂ ಮಾರಲಿಲ್ಲ.

ಮುದುಕಿಯ ಹಟ, ನಾಲ್ಕು ದಿನಕ್ಕೆ ಇಳಿಯುತ್ತದೆ ಎಂದುಕೊಂಡೆ. ಇಳಿಯಲಿಲ್ಲ. ಹೋದ ಗುರುವಾರ ಅವಳ ಕಣ್ಣಿನ ಪೊರೆ ತೆಗೆಯುವುದಿತ್ತು. ಆಸ್ಪತ್ರೆಯಲ್ಲಿ ನರ್ಸು ಹಾಲಮ್ಮ, ಹಾಲಮ್ಮ ಎಂದು ಕರೆದೇ ಕರೆದಳು. ಅಮ್ಮ ಬೆಂಚಿನ ಮೇಲೆ ಕಲ್ಲಿನ ಹಾಗೆ ಕೂತಿದ್ದಳು. ನಾನೇ ಎಬ್ಬಿಸಿ ಒಳಗೆ ಕರೆದೊಯ್ದರೆ, ಡಾಕ್ಟರು ಹೆಸರು ಕೇಳಿದ್ದಕ್ಕೆ ತಿಪ್ಪಮ್ಮ ಅಂದಳು. ಆಧಾರಿನಲ್ಲಿ ಹಾಲಮ್ಮ. ರೋಗಿಯೇ ನಾನು ಅವಳಲ್ಲ ಅನ್ನುವಾಗ ಕಣ್ಣಿಗೆ ಕೈ ಹಾಕುವುದು ಹೇಗಮ್ಮ ಅಂದರು ಆ ಪುಣ್ಯಾತ್ಮ. ಅವರದು ತಪ್ಪಲ್ಲ. ಒಂದೇ ಒಂದು ಸಲ ಹಾಲಮ್ಮ ಅನ್ನು ಎಂದು ಎಲ್ಲರ ಮುಂದೆ ಅವಳ ಕಾಲು ಹಿಡಿದೆ. ನಾ ಆ ಹೆಸ್ರಿಗೆ ಎದ್ದೋದ್ರೆ ಈ ಹೆಸ್ರು ಖಾಲಿ ಬೀಳುತ್ತೆ ಕಣೇ ಅಂದಳು. ವಾಪಸ್ಸು ಬಂದೆವು. ಬರುವ ಗುರುವಾರಕ್ಕೆ ಮತ್ತೆ ದಿನ ಕೊಟ್ಟಿದ್ದಾರೆ. ಒಂದು ಕಣ್ಣು ಆಗಲೇ ಹೋದ ಹಾಗೆ. ಇನ್ನೂ ತಡ ಮಾಡಿದರೆ ಇನ್ನೊಂದೂ ಕೈ ಬಿಡುತ್ತದೆ ಎಂದು ಡಾಕ್ಟರು ಹೇಳಿದ್ದಾರೆ.

ನಿನ್ನಿಂದ ನನಗೆ ಏನೂ ಬೇಡ. ಆಸ್ಪತ್ರೆಯ ಬಿಲ್ಲಿನ ಮಾತೆತ್ತಿದರೆ ಈ ಕಾಗದ ಹರಿದು ಹಾಕು, ಬರಬೇಡ. ಅವಳು ಕೇಳುವುದು ಒಂದೇ. ಅವ್ನು ಬಂದು ವಾಪಸ್ ತಗೊಂಡ್ರೆ ಕೊಡ್ತೀನಿ ಅನ್ನುತ್ತಾಳೆ. ಗುರುವಾರಕ್ಕೆ ಮುಂಚೆ ಬಾ. ಆ ಜರಿ ಶಾಲು, ಬೆರಳಿನ ಉಂಗುರಗಳು ಬೇಕಾದರೆ ಇರಲಿ, ಅವಳಿಗೆ ಹೇಗೂ ಕಾಣುವುದಿಲ್ಲ. ಬಾಗಿಲಲ್ಲಿ ನಿಲ್ಲು. ಅವಳು ಯಾರು ಅಂತ ಕೇಳುತ್ತಾಳೆ. ಜ್ಞಾನೇಶ್ ಎಂದು ನಿನ್ನ ಬಾಯಲ್ಲಿ ಬಂದರೆ, ಆ ಹೆಸರಿನವರು ಇಲ್ಲಿ ಯಾರೂ ಇಲ್ಲ, ಪಕ್ಕದ ಮನೆಯಲ್ಲಿ ಕೇಳಿ ಎಂದು ನಾನೇ ಹೇಳಿ ಬಾಗಿಲು ಹಾಕುತ್ತೇನೆ. ತಿಪ್ಪ ಅನ್ನು. ಬೀದಿಗೆ ಕೇಳುವಷ್ಟು ಜೋರಾಗಿ ಅನ್ನು. ನಮ್ಮ ಬೀದಿಯಲ್ಲಿ ನಿನ್ನ ಗಿರಾಕಿಗಳು ಮೂರು ಮನೆಯವರಿದ್ದಾರೆ, ಅವರೂ ಕೇಳಿಸಿಕೊಳ್ಳಲಿ.

ಈಗ ನಾನು ಸಂಜೆ ದೀಪ ಹಚ್ಚಿ ಅವಳನ್ನು ತಿಪ್ಪಮ್ಮಾ ಎಂದು ಊಟಕ್ಕೆ ಕರೆಯುತ್ತೇನೆ. ನನ್ನ ಮಾತು ಮುಗಿಯುವ ಮೊದಲೇ ಓ ಅನ್ನುತ್ತಾಳೆ. ಕರೆದವನು ಜವರಾಯನಾಗಿದ್ದರೆ, ತನಗಿಂತ ಮುಂಚೆ ನೀನೆಲ್ಲಿ ಓ ಅಂದುಬಿಡುತ್ತೀಯೋ ಎಂದು ಅವಳಿಗೆ ಹೆದರಿಕೆ. ಆ ಓ ಕೇಳಿದಾಗಲೆಲ್ಲ ನಿನ್ನನ್ನು ಶಪಿಸಬೇಕು ಅನ್ನಿಸುತ್ತದೆ. ಶಪಿಸಿದರೆ ಅದು ಮೊದಲು ತಗಲುವುದು ಅವಳಿಗೆ. ಅದಕ್ಕೇ ಸುಮ್ಮನಾಗುತ್ತೇನೆ.

ನಿನಗಿಂತ ಚಿಕ್ಕವಳು, ಹರಸುವ ವಯಸ್ಸಲ್ಲ ನನ್ನದು. ಆದರೂ ಅವಳ ಸಲುವಾಗಿ ಹರಸುತ್ತೇನೆ: ಒಂದು ಸೇರು ತೌಡಿಗೆ ಕೊಂಡ ಜೀವ ನೂರು ವರ್ಷ ಬಾಳಲಿ.

ಇಂತಿ,
ತಿಪ್ಪನ ತಂಗಿ
ಮೈತ್ರಿ