ಮಹಡಿಯ ಮೇಲಿನ ಒಲೆ

ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪನಿಗೆ,

ಗಂಡನ ಮನೆ ಸೇರಿದ್ದೇ ತಡ, ಮಗಳು ನಮ್ಮನ್ನು ಮರೆತೇಬಿಟ್ಟಳು ಎಂದು ಅಮ್ಮನ ಹತ್ತಿರ ಗೊಣಗಿದಿರಂತೆ. ಮರೆತಿಲ್ಲ ಅಪ್ಪ, ತಡವಾಯಿತು, ಕ್ಷಮಿಸಿ. ಫೋನಿನಲ್ಲಿ ನೀವು ಎರಡು ಮಾತಿಗೇ "ತಗೋ, ಅಮ್ಮನಿಗೆ ಕೊಡ್ತೀನಿ" ಎಂದು ಮುಗಿಸಿಬಿಡುತ್ತೀರಿ. ಅದಕ್ಕೇ ಈ ಕಾಗದ. ಇಂಗ್ಲಿಷ್ ಶಾಲೆಗೆ ಸೇರಿಸಿದವರು ನೀವೇ, ಒತ್ತಕ್ಷರ ಎಲ್ಲಾದರೂ ಜಾರಿದ್ದರೆ ಅರ್ಧ ತಪ್ಪು ನಿಮ್ಮದು.

ಮೊದಲು ಸಂತೋಷದ ಸುದ್ದಿ. ನಿಮ್ಮ ಅಳಿಯ ಪ್ರಪಂಚದಲ್ಲೇ ಅತಿ ಒಳ್ಳೆಯ ಮನುಷ್ಯ. ಹೋದ ಸಲವೂ ಇದನ್ನೇ ಹೇಳಿದ್ದೆ, ಇನ್ನೂ ಹಾಗೆಯೇ ಇದ್ದಾರೆ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಗಾಜು ಉಜ್ಜಿ ಕಣ್ಣು ಕೆಂಪಗೆ ಮಾಡಿಕೊಂಡು ಬರುತ್ತಾರೆ. ಆದರೂ ನಾನು ಕನ್ನಡಕ ಹಾಕಿಕೊಂಡು ಓದಲು ಕುಳಿತರೆ ಎದುರಿಗೆ ಕುಳಿತು ಸುಮ್ಮನೆ ನೋಡುತ್ತಾರೆ. "ಏನ್ರೀ ಹಾಗೆ ನೋಡ್ತೀರಿ?" ಅಂದರೆ, "ಪವರ್ ಸರಿಯಾಗಿದೆಯಾ ಅಂತ ಚೆಕ್ ಮಾಡ್ತಿದ್ದೀನಿ" ಎನ್ನುತ್ತಾರೆ. ನಗು ಬಂದು ಎರಡು ಪುಟ ಹೆಚ್ಚಿಗೆ ಓದುತ್ತೇನೆ. ನಾದಿನಿಯಂತೂ "ಅತ್ತಿಗೆ, ಅಣ್ಣನಿಗೆ ಹುಚ್ಚು ಹಿಡಿದಿದೆ" ಎಂದು ಬೀದಿಗೆಲ್ಲ ಸಾರಿಕೊಂಡು ಬಂದಿದ್ದಾಳೆ.

ಇನ್ನು ತಲೆ ಕೆಡಿಸುವ ಸುದ್ದಿ. ನನ್ನ ಸ್ಕಾಲರ್‌ಶಿಪ್ ನಿಂತಿದೆ. ಇದು ಕೊನೆಯ ವರ್ಷ, ಆ ಹಣ ಬರದಿದ್ದರೆ ಫೀಸು ಕಟ್ಟುವ ದಾರಿಯೇ ಇಲ್ಲ. ಕಾಲೇಜಿನ ಆಫೀಸಿಗೆ ಹೋದರೆ, ಕಿಟಕಿಯಾಚೆ ಕೂರುವ ಆ ದಪ್ಪ ಜಡೆಯ ಮೇಡಂ ಗೊತ್ತಲ್ಲ, ತಲೆಯನ್ನೂ ಎತ್ತದೆ ಹೇಳಿದರು, "ನೋಡಮ್ಮ, ಮದುವೆ ಆದ್ಮೇಲೆ ನೀನು ಗಂಡನ ಮನೆ ಲೆಕ್ಕಕ್ಕೆ."

"ಓದೋಳು ನಾನೇ ಅಲ್ವಾ ಮೇಡಂ? ಮಾರ್ಕ್ಸೂ ನಂದೇ."

"ಮಾರ್ಕ್ಸ್ ನಿಂದು, ಮನೆ ಅವರದು. ಸರ್ಕಾರ ಕೊಡೋದು ಮನೆಗೊಬ್ಬರಿಗೆ. ಅಲ್ಲಿ ಯಾರಾದ್ರೂ ತಗೋತಿದ್ದಾರಾ?"

ನಾದಿನಿ ತೆಗೆದುಕೊಳ್ಳುತ್ತಿದ್ದಾಳೆ. ಹಾಗಾದರೆ ಅಪ್ಪನ ಮನೆಯ ಲೆಕ್ಕಕ್ಕೇ ಹಾಕಿ ಎಂದೆ. ಅಲ್ಲಿ ತಮ್ಮನಿಗೆ ಈ ವರ್ಷ ಮಂಜೂರಾಗಿದೆಯಂತೆ. ಎರಡು ಮನೆಯ ಮಗಳು ಎಂದು ಮದುವೆಯಲ್ಲಿ ಎಲ್ಲರೂ ಹರಸಿದ್ದರು. ಆಫೀಸಿನ ಲೆಕ್ಕದಲ್ಲಿ ನಾನು ಬಾಗಿಲ ಹೊರಗೆ ನಿಂತಿದ್ದೇನೆ.

ನನ್ನ ಮುಖ ನೋಡಿ ಮೇಡಂಗೆ ಪಾಪ ಅನ್ನಿಸಿರಬೇಕು. "ಒಂದು ದಾರಿ ಇದೆ" ಎಂದರು. "ಬೇರೆ ಒಲೆ ಇದ್ರೆ ಬೇರೆ ಕುಟುಂಬ. ನೀವಿಬ್ರೇ ಬೇಯಿಸಿಕೊಂಡು ತಿಂತಿದ್ರೆ, ತನಿಖೆಗೆ ಬಂದವರು ನೋಡಿ ಬರ್ಕೊಂಡು ಹೋಗ್ತಾರೆ. ಆಮೇಲೆ ನಿಂದು ಪಾಸು."

ಇವರು ಮರುದಿನವೇ ಎಲ್ಲಿಂದಲೋ ಹಳೆಯ ಗ್ಯಾಸ್ ಒಲೆ ಹೊತ್ತು ತಂದು ಮಹಡಿಯ ಕೋಣೆಯಲ್ಲಿ, ನನ್ನ ಪುಸ್ತಕದ ಕಪಾಟಿನ ಪಕ್ಕ ಇಟ್ಟರು. ಅತ್ತೆ ಮೆಟ್ಟಿಲ ಬುಡದಲ್ಲಿ ನಿಂತು ನೋಡಿದರು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, "ನನ್ನ ಅಡುಗೇಲಿ ಏನು ಕಮ್ಮಿ ಆಯ್ತಮ್ಮ?" ಎಂದು ಕೇಳಿದರು. ಅಪ್ಪ, ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಇದೆಲ್ಲ ಸರ್ಕಾರಕ್ಕಾಗಿ ಅತ್ತೆ, ನಿಮ್ಮ ಮೇಲಿನ ಕೋಪಕ್ಕಲ್ಲ ಎಂದು ಎಷ್ಟು ಬಿಡಿಸಿ ಹೇಳಿದರೂ, "ಸರ್ಕಾರಕ್ಕೆ ನಮ್ಮನೆ ಒಲೆ ಮೇಲೆ ಯಾಕಮ್ಮ ಕಣ್ಣು?" ಎಂದರು.

ಆಮೇಲೆ ನಾವಿಬ್ಬರೂ ಮೇಲೆಯೇ ಬೇಯಿಸಿದೆವು. ಬೇಯಿಸಿದೆವು ಎನ್ನುವುದು ದೊಡ್ಡ ಮಾತು. ನನ್ನ ಅನ್ನ ಕೆಳಗೆ ಕರಕಲು, ಮೇಲೆ ಅಕ್ಕಿ. ಇವರು "ಎರಡು ಬಗೆ ಊಟ" ಎಂದು ತಿಂದರು.

ಮೊನ್ನೆ ತನಿಖೆಯವರು ಬಂದರು. ಬಗಲಲ್ಲಿ ಚೀಲ, ಹಣೆಯ ತುಂಬ ಬೆವರು, ಒಳ್ಳೆಯ ಮನುಷ್ಯರೇ. ಒಲೆ ಹಚ್ಚಿಸಿ ನೋಡಿದರು, ಪಾತ್ರೆ ಮುಚ್ಚಳ ತೆಗೆದು ನೋಡಿದರು, "ಪರವಾಗಿಲ್ಲಮ್ಮ, ಬೇರೆ ಸಂಸಾರವೇ" ಎಂದು ಪೆನ್ನು ತೆಗೆದರು. ಆಗ ಮೆಟ್ಟಿಲ ಮೇಲೆ ಬಳೆ ಸದ್ದು. ಅತ್ತೆ ಬಿಸಿಬಿಸಿ ಅನ್ನ, ಸಾರು, ಪಲ್ಯ ತಟ್ಟೆ ತುಂಬ ಬಡಿಸಿಕೊಂಡು ಬಂದೇಬಿಟ್ಟರು. "ಕೋಪ ಏನಿದ್ರೂ ಆಮೇಲೆ. ನಾಕು ದಿನದಿಂದ ಕರಕಲು ತಿಂದು ಸೊರಗಿದ್ದೀಯ. ಮೊದಲು ಊಟ ಮಾಡು, ಕೆಳಗೆ ಎಲ್ಲರೂ ನಿನಗೇ ಕಾಯ್ತಿದ್ದಾರೆ."

ತನಿಖೆಯವರು ತಟ್ಟೆ ನೋಡಿದರು, ನನ್ನನ್ನು ನೋಡಿದರು. "ತಪ್ಪು ತಿಳ್ಕೋಬೇಡಮ್ಮ, ಕಣ್ಣಾರೆ ಕಂಡದ್ದನ್ನ ಇಲ್ಲ ಅನ್ನೋಕಾಗಲ್ಲ" ಎಂದು 'ಒಂದೇ ಕುಟುಂಬ' ಎಂದು ಬರೆದುಕೊಂಡು ಹೋದರು. ಅತ್ತೆಗೆ ವಿಷಯ ತಿಳಿದಾಗ ತಲೆಯ ಮೇಲೆ ಕೈ ಹೊತ್ತು ಕುಳಿತರು. ಅವರ ಮೇಲೆ ಹೇಗೆ ಸಿಟ್ಟಾಗಲಿ? ಪಲ್ಯ ಬೇರೆ ತುಂಬ ಚೆನ್ನಾಗಿತ್ತು.

ಇವರು "ಮುಂದಿನ ವರ್ಷ ನೋಡೋಣ, ಅಂಗಡೀಲಿ ಸಂಬಳ ಹೆಚ್ಚಿಸ್ತಾರೆ" ಎನ್ನುತ್ತಾರೆ. ನಾನು ಹೂಂ ಎನ್ನುತ್ತೇನೆ. ತರಗತಿಯ ಗೆಳತಿಯರೆಲ್ಲ ನಾಳೆಯಿಂದ ಕೊನೆಯ ವರ್ಷಕ್ಕೆ ಕೂರುತ್ತಾರೆ.

ತಮ್ಮ ಚೆನ್ನಾಗಿ ಓದಲಿ, ಮನಸ್ಸು ತುಂಬಿ ಹೇಳುತ್ತಿದ್ದೇನೆ. ಅಮ್ಮನ ಮಂಡಿಗೆ ಎಣ್ಣೆ ಹಚ್ಚುವುದನ್ನು ತಪ್ಪಿಸಬೇಡಿ. ನಿಮ್ಮ ಆರೋಗ್ಯ ನೋಡಿಕೊಳ್ಳಿ, ನಮ್ಮಿಬ್ಬರ ತಲೆಯ ಮೇಲೆ ನಿಮ್ಮ ಕೈ ಇರಲಿ.

ನಿಮ್ಮ ಮುದ್ದಿನ
ಚಿನ್ನು

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ತನಿಖೆಯಾದ ಮೇಲೆ ಮತ್ತೆ ಆಫೀಸಿಗೆ ಹೋಗಿದ್ದೆ. ಮೇಡಂ ಸಮಾಧಾನ ಮಾಡುತ್ತಾ, "ಇದನ್ನೆಲ್ಲ ನಿಮ್ಮಪ್ಪ ಆವತ್ತೇ ಕೇಳ್ಕೊಂಡು ಹೋಗಿದ್ರಲ್ಲ, ನಿಂಗೆ ಹೇಳ್ಲಿಲ್ವಾ?" ಎಂದರು. ಮಗಳಿಗೆ ಮದುವೆಯಾದರೆ ಅವಳದು ನಿಂತು ಮಗನಿಗೆ ಸಿಗುತ್ತದೆಯೇ ಎಂದು ವಿಚಾರಿಸಿದಿರಂತೆ. ಸಿಗುತ್ತದೆ ಎಂದಾಗ ಕೈ ಮುಗಿದು ಹೋದಿರಂತೆ. ಯಾವಾಗ ಎಂದು ಕೇಳಿದೆ. ಅವರು ಹೇಳಿದ ದಿನ, ಇವರ ಕಡೆಯವರು ನನ್ನನ್ನು ನೋಡಲು ಬರುವ ಹಿಂದಿನ ವಾರ. ಇವರು ಸಿಕ್ಕಿದ್ದಕ್ಕೆ ನನಗೆ ಒಂದು ಚೂರೂ ಬೇಸರವಿಲ್ಲ, ಅದು ನಿಮಗೆ ಗೊತ್ತಿರಲಿ. ತಮ್ಮನಿಗಾಗಿ ಒಂದು ವರ್ಷ ಓದು ನಿಲ್ಲಿಸು ಎಂದಿದ್ದರೆ ನಗುತ್ತಲೇ ನಿಲ್ಲಿಸುತ್ತಿದ್ದೆ. ಮಗಳಿಗೆ ಮದುವೆ ಮಾಡಿದರೆ ಏನಾಗುತ್ತದೆ ಎಂದು ಆ ಕಿಟಕಿಯಲ್ಲಿ ಕೇಳಿದಿರಿ ಅಪ್ಪ. ಮನೆಯಲ್ಲಿ ನಾನು ನಿಮ್ಮ ಪಕ್ಕದ ಕೋಣೆಯಲ್ಲೇ ಇದ್ದೆ, ನನ್ನನ್ನು ಕೇಳಲಿಲ್ಲ.